ಕಮಾಡೊ ಗ್ರಿಲ್ 150 ಡಿಗ್ರಿ ದಾಟ್ತಾನೇ ಇಲ್ಲ, ಯಾರಿಗಾದ್ರೂ ಹಿಂಗಾಗಿದ್ಯಾ?

ತೋಟದ್ಮನೆ_ಮೂಡ್ಗೆರೆ

ನಮಸ್ಕಾರ ಎಲ್ರಿಗೂ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗೋ ದಾರೀಲಿ ಚಿಕ್ಕ ಹೋಂಸ್ಟೇ ಇದೆ ನಮ್ದು. ಹೋದ ವರ್ಷ ಬೆಂಗಳೂರಲ್ಲಿ ಮನೆ ಖಾಲಿ ಮಾಡ್ತಿದ್ದೋರೊಬ್ರ ಹತ್ರ ಸೆಕೆಂಡ್ ಹ್ಯಾಂಡಲ್ಲಿ ಕಮಾಡೊ ಗ್ರಿಲ್ ತಗೊಂಡೆ, ಅದೇ ದೊಡ್ಡ ಮೊಟ್ಟೆ ಥರ ಇರುತ್ತಲ್ಲ ಸೆರಾಮಿಕ್‌ದು, 18 ಇಂಚು, ಪಿಕಪ್ಪಿಂದ ಇಳಿಸೋಕೆ ನಾಲ್ಕು ಆಳು ಬೇಕಾಯ್ತು. ಬೇಸಿಗೇಲೆಲ್ಲ ಸಖತ್ತಾಗಿತ್ತು, 300 ಡಿಗ್ರಿ ಆರಾಮಾಗಿ ಹೋಗ್ತಿತ್ತು, ಗೆಸ್ಟ್‌ಗಳಿಗೆ ಪಿಜ್ಜಾನೂ ಮಾಡಿಕೊಟ್ಟಿದೀನಿ.

ಜೂನಲ್ಲಿ ಮಳೆ ಹಿಡೀತು, ಟಾರ್ಪಾಲ್ ಹೊದಿಸಿ ಇಟ್ಬಿಟ್ಟೆ. ಈಗ ದಸರಾ ಬುಕಿಂಗ್ ಶುರುವಾಯ್ತಲ್ಲ ಅಂತ ಹೋದ ವಾರ ಒಳಗಿರೋದನ್ನೆಲ್ಲ ತೆಗ್ದು ಬೂದಿ ಗುಡಿಸಿ ವಾಪಸ್ ಕೂರಿಸಿ ಬೆಂಕಿ ಹಾಕಿದ್ರೆ 140, 145, ಅಲ್ಲೇ ನಿಂತೋಯ್ತು. ಮೇಲಿನ ವೆಂಟು ಕೆಳಗಿನ ಬಾಗಿಲು ಎರಡೂ ಫುಲ್ ತೆಗ್ದಿದೀನಿ. ಮುಚ್ಚಳದ ಅಂಚಿನ ಗ್ಯಾಸ್ಕೆಟ್ ಹೋಗಿರ್ಬೇಕು ಅಂತ ಹೊಸ ಫೆಲ್ಟ್ ತರಿಸಿ ಅಂಟಿಸ್ದೆ, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಟೇಬಲ್ ಫ್ಯಾನ್ ತಂದು ಕೆಳಗಿನ ಬಾಗಿಲಿಗೆ ಇಟ್ಟೆ, ಬೂದಿ ಎಲ್ಲ ಎದ್ದು ಕೋಳಿ ಮೇಲೆ ಕೂತ್ಕೊಳ್ತು ಅಷ್ಟೇ. ಒಂದೂವರೆ ಗಂಟೆ ಆದ್ರೂ ಮೂಳೆ ಹತ್ರ ಕೆಂಪುಕೆಂಪಗೆ, ಹೊರಗಡೆ ಗೆಸ್ಟ್ ತಟ್ಟೆ ಹಿಡ್ಕೊಂಡು ಕಾಯ್ತಾ ಇದಾರೆ, ಆಮೇಲೆ ಗ್ಯಾಸ್ ಮೇಲೆ ಬಾಣಲೇಲಿ ಬೇಯಿಸಿ ಕೊಟ್ವಿ. ನಮ್ಮನೆಯವ್ಳು "ಇದಕ್ಕಿಂತ ನಮ್ಮ ಬಚ್ಚಲೊಲೆನೇ ವಾಸಿ" ಅಂದ್ಬಿಟ್ಳು. ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇನಾದ್ರೂ ಹಿಂಗಾ?

ಸುಮ್ನೆ_ಬಂದೆ

ಎರಡು ಚಮಚ ಸೀಮೆಎಣ್ಣೆ ಬಿಡಿ ಗುರು, ರಾಕೆಟ್ ಥರ ಏರುತ್ತೆ 😂

ಹೇಮಾವತಿ_ದಡ

ಮೇಲಿನವರ ಮಾತು ಕೇಳ್ಬೇಡಿ ಮಾರಾಯ್ರೆ, ಸೆರಾಮಿಕ್ ಎಣ್ಣೆ ಹೀರ್ಕೊಂಡ್ಬಿಟ್ರೆ ಆಮೇಲೆ ಎಷ್ಟು ಸಲ ಅಡುಗೆ ಮಾಡಿದ್ರೂ ಸೀಮೆಎಣ್ಣೆ ವಾಸನೇನೇ ಬರೋದು.

ಎತ್ತರದ ಮಾತು ಬಿಡಿ. ಬೇಸಿಗೇಲಿ ಇದೇ ಮೂಡಿಗೆರೇಲಿ 300 ಹೋಗಿತ್ತಲ್ವಾ, ಊರೇನು ಮಳೆಗಾಲದಲ್ಲಿ ಮೇಲಕ್ಕೆ ಹೋಯ್ತಾ. ಗ್ಯಾಸ್ಕೆಟ್ಟೂ ಅಲ್ಲ. ಗ್ಯಾಸ್ಕೆಟ್ ಲೀಕ್ ಆದ್ರೆ ಒಳಗೆ ಬೇಡದ ಗಾಳಿ ನುಗ್ಗುತ್ತೆ, ಆಗ ಹೀಟ್ ಇಳಿಸೋಕಾಗಲ್ಲ ಅಂತ ಒದ್ದಾಡ್ಬೇಕು, ನಿಮ್ದು ಉಲ್ಟಾ. ನಿಮ್ಮ ಬೆಂಕಿಗೆ ಉಸಿರು ಕಟ್ಟಿದೆ.

ನೀವು ಬರ್ದಿದ್ದರಲ್ಲಿ ನಂಗೆ ಕಣ್ಣಿಗೆ ಬಿದ್ದಿದ್ದು "ಎಲ್ಲ ತೆಗ್ದು ವಾಪಸ್ ಕೂರಿಸಿ" ಅನ್ನೋದು. ಒಳಗಡೆ ಇದ್ದಲು ಹಾಕೋ ಮಡಿಕೆ ಇದ್ಯಲ್ಲ, ಫೈರ್‌ಬಾಕ್ಸು, ಅದರ ಬುಡದಲ್ಲಿ ಒಂದು ಬಾಯಿ ಇರುತ್ತೆ, ಆ ಬಾಯಿ ಹೊರಗಿನ ಬಾಗಿಲಿಗೆ ಸರಿಯಾಗಿ ಎದುರು ಬರ್ಬೇಕು. ಅದು ಪಕ್ಕಕ್ಕೆ ತಿರುಗಿ ಕೂತಿದ್ರೆ ಗಾಳಿ ಗೋಡೆಗೆ ಹೊಡ್ದು ಸಂದೀಲಿ ಸುತ್ಕೊಂಡು ಬರ್ಬೇಕು, ನೀವು ಬಾಗಿಲು ತೆಗ್ದ್ರೂ ಒಂದೇ ಮುಚ್ಚಿದ್ರೂ ಒಂದೇ, ಫ್ಯಾನ್ ಇಟ್ರೂ ಅಷ್ಟೇ. ನಾನೇ ಮೊದಲನೇ ವರ್ಷ ಎರಡು ವಾರ ಇದರಲ್ಲಿ ಒದ್ದಾಡಿದೀನಿ, ಆಮೇಲೆ ಕೆಳಗಿನ ಬಾಗಿಲಿಂದ ಟಾರ್ಚ್ ಬಿಟ್ಟು ನೋಡಿದ್ರೆ ಎದುರಿಗೆ ಬರೀ ಗೋಡೆ!

ಅದು ಸರಿ ಇದ್ರೆ ಫೈರ್‌ಬಾಕ್ಸನ್ನೇ ಪೂರ್ತಿ ಎತ್ತಿ, ಅದಕ್ಕೂ ಹೊರಗಿನ ಚಿಪ್ಪಿಗೂ ನಡುವೆ ಬೂದಿ ಕೂತಿರುತ್ತೆ, ಮೇಲಿಂದ ಗುಡಿಸಿದ್ರೆ ಅದು ಬರಲ್ಲ. ತಳದ ಜಾಲರಿ ತೂತುಗಳಲ್ಲಿ ಇದ್ದಲು ಚೂರು ಸಿಕ್ಕಿದ್ಯಾ ಅಂತ ಒಂದೊಂದಕ್ಕೂ ಕಡ್ಡಿ ಹಾಕಿ ನೋಡಿ. ಆಮೇಲೆ ಇದ್ದಲು ಯಾವ್ದು? ಎಷ್ಟು ಹಾಕ್ತೀರ? ಎರಡು ಬೊಗಸೆ ಹಾಕಿ 300 ಬರ್ಲಿಲ್ಲ ಅಂದ್ರೆ ಬರಲ್ಲ. ಫೈರ್‌ಬಾಕ್ಸ್ ಪಕ್ಕದ ತೂತುಗಳು ಮುಚ್ಚೋವರೆಗೂ ತುಂಬ್ಬೇಕು, ದೊಡ್ಡ ತುಂಡು ಕೆಳಗೆ, ಚಿಕ್ಕದು ಮೇಲೆ.

ತೋಟದ್ಮನೆ_ಮೂಡ್ಗೆರೆ

ಅಣ್ಣ ಇದ್ದಲು ಹೋದ ವರ್ಷದ ಚೀಲನೇ, ಶೆಡ್ಡಲ್ಲಿ ನೆಲದ ಮೇಲೆ ಇಟ್ಟಿದ್ದೆ. ಅರ್ಧ ಸಿಲ್ವರ್ ಮರದ್ದು, ಅರ್ಧ ಕಾಫಿ ಬೊಡ್ಡೇದು. ಈಗ ತಳ ಬಂದಿದೆ, ಚೀಲ ಬಗ್ಗಿಸಿ ಸುರ್ದೆ.

ಕರಟ_ಅರಸೀಕೆರೆ

ಅಲ್ಲೇ ಇದೆ ನೋಡಿ ಕಥೆ. ಮಲೆನಾಡಲ್ಲಿ ಮೂರು ತಿಂಗಳು ನೆಲದ ಮೇಲಿಟ್ಟ ಇದ್ದಲು ಅಂದ್ರೆ ಅದು ಇದ್ದಲಲ್ಲ, ಸ್ಪಾಂಜು. ಕೈಗೆ ಒಣಗಿದ್ದಂಗೆ ಅನ್ಸುತ್ತೆ ಆದ್ರೆ ಗಾಳೀಲಿರೋ ತೇವ ಎಲ್ಲ ಎಳ್ಕೊಂಡಿರುತ್ತೆ, ಬೆಂಕಿ ಮೊದ್ಲು ಆ ನೀರನ್ನ ಕುದಿಸಿ ಓಡಿಸ್ಬೇಕು, ಆಮೇಲೆ ನಿಮ್ಮ ಕೋಳಿ. ಚೀಲದ ತಳ ಸುರ್ದ್ರಿ ಅಂದ್ರೆ ಪುಡಿ ಎಲ್ಲ ಜಾಲರಿ ಮೇಲೆ ಹಾಸಿದಂಗಾಯ್ತು, ಗಾಳಿ ಎಲ್ಲಿಂದ ಬರ್ಬೇಕು. ಎರಡು ತುಂಡು ಒಂದಕ್ಕೊಂದು ತಟ್ಟಿ ನೋಡಿ, ಒಳ್ಳೆ ಇದ್ದಲು ಟಣ್ ಅನ್ನುತ್ತೆ, ತೇವದ್ದು ಡಬ್ ಡಬ್ ಅನ್ನುತ್ತೆ.

ಸಿಲ್ವರ್ ಮರದ್ದು ಹಗುರ, ಭಗ್ಗಂತ ಹತ್ಕೊಂಡು ಹೋಗ್ಬಿಡುತ್ತೆ. ಕಾಫಿ ಬೊಡ್ಡೇದು ಪರವಾಗಿಲ್ಲ, ಗಟ್ಟಿ. ನಮ್ ಕಡೆ ಕೊಬ್ರಿ ತೆಗ್ದ ಕರಟದ ಇದ್ದಲು ಸಿಗುತ್ತೆ, ಕಾವು ಜೋರು, ಆದ್ರೆ ಅದನ್ನೊಂದೇ ತುಂಬ್ಬೇಡಿ, ಒಂದರೊಳಗೊಂದು ಬಟ್ಟಲು ಜೋಡಿಸಿದಂಗೆ ಕೂತ್ಕೊಂಡು ಅದೂ ಗಾಳಿ ಕಟ್ಟಿಸುತ್ತೆ. ಕೆಳಗೆ ಮರದ ದಪ್ಪ ತುಂಡು, ಮೇಲೆ ಕರಟ.

ಇನ್ನೊಂದು, ಮುಚ್ಚಳದ ಥರ್ಮಾಮೀಟರ್ ನಂಬ್ಬೇಡಿ. ಬಿಚ್ಚಿ ಕುದಿಯೋ ನೀರಿಗೆ ಕಡ್ಡಿ ಅದ್ದಿ, 100 ತೋರಿಸ್ಬೇಕು.

ಬಾಬಾಬುಡನ್_ತಪ್ಪಲು

100 ತೋರಿಸಲ್ಲ ಕಣ್ರಿ, ಎತ್ತರ ಲೆಕ್ಕಕ್ಕೆ ಬರೋದು ಇಲ್ಲಿ ಮಾತ್ರ. ಸುಮಾರು 300 ಮೀಟರ್ ಏರಿದ್ರೆ ನೀರು ಒಂದು ಡಿಗ್ರಿ ಮುಂಚೆ ಕುದಿಯುತ್ತೆ. ಮೂಡಿಗೆರೆ ಹತ್ತಿರ್ಹತ್ತಿರ 1000 ಮೀಟರ್ ಇದೆ, ಸೋ 97 ತೋರಿಸಿದ್ರೆ ನಿಮ್ಮ ಮೀಟರ್ ಸರಿ ಇದೆ ಅಂತ. 100 ಬರ್ಲಿಲ್ಲ ಅಂತ ಹಿಂದಿನ ನಟ್ ತಿರುಗಿಸಿ ಕೆಡಿಸ್ಬೇಡಿ.

ಗ್ರಿಲ್ಲೂ ನೀರು ಕುಡ್ದಿದೆ ಅಂತ ನನ್ ಅನುಮಾನ. ಟಾರ್ಪಾಲ್ ಬಿಗಿಯಾಗಿ ಕಟ್ಟಿದ್ರೆ ಒಳಗಡೆ ಬೆವರಿ ಇನ್ನೂ ಕಷ್ಟ, ನಂದ್ರಲ್ಲಿ ಹೋದ ಮಳೇಲಿ ಜಾಲರಿ ಮೇಲೆ ಬೆಳ್ಳಗೆ ಬೂಷ್ಟು ಬಂದಿತ್ತು. ಬೆಂಕಿ ಹಾಕಿ ಅರ್ಧ ಗಂಟೆ ಆದ್ಮೇಲೆ ಮೇಲಿನ ವೆಂಟಿನ ಹೊಗೆಗೆ ತಣ್ಣಗಿರೋ ಸ್ಟೀಲ್ ತಟ್ಟೆ ಒಂದು ಕ್ಷಣ ಹಿಡೀರಿ, ನೀರಿನ ಹನಿ ಕೂತ್ರೆ ಇನ್ನೂ ಒಣಗಿಲ್ಲ. ಹಂಗಿದ್ದಾಗ 120ರ ಹತ್ರ ಎರಡು ಗಂಟೆ ಸುಮ್ನೆ ಉರಿಸಿ ಒಣಗಿಸಿ, ಒಂದೇ ಸಲ 300ಕ್ಕೆ ಓಡಿಸಿದ್ರೆ ಸೆರಾಮಿಕ್ ಸೀಳು ಬಿಡಬಹುದು.

ಒಂದೇ ಕಡೆ ಬೆಂಕಿ ಹಚ್ತೀರಾ? ಮೂರು ಕಡೆ ಹಚ್ಚಿ. ಬೆಂಕಿಗೂ ಅಡುಗೆಗೂ ನಡುವೆ ಕಾವಿಗೆ ಅಡ್ಡ ಇಡೋ ಕಲ್ಲು, ಅದೇ ಡಿಫ್ಲೆಕ್ಟರ್, ಅದನ್ನ ಈಗಲೇ ಇಡ್ಬೇಡಿ.

ತೋಟದ್ಮನೆ_ಮೂಡ್ಗೆರೆ

ಅಪ್ಡೇಟ್. ಹೇಮಾವತಿ ಅಣ್ಣ ನಿಮ್ಮ ಕಾಲಿಗೆ ಬೀಳ್ಬೇಕು. ಟಾರ್ಚ್ ಬಿಟ್ಟೆ, ಗೋಡೆ. ಬಾಯಿ ಪೂರ್ತಿ ಬಲಗಡೆ ತಿರುಗಿತ್ತು, ನಾನೇ ಕೂರಿಸಿದ್ದು ಯಾರನ್ನ ಬೈಲಿ. ಎತ್ತಿ ನೋಡಿದ್ರೆ ಹಿಂದುಗಡೆ ಎರಡು ಸೇರು ಬೂದಿ, ಒದ್ದೆಯಾಗಿ ಸಿಮೆಂಟ್ ಥರ ಕೂತಿದೆ, ಸೌಟಲ್ಲಿ ಕೆರ್ದು ತೆಗ್ದೆ (ಆ ಸೌಟು ಮತ್ತೆ ಅಡುಗೆಮನೆಗೆ ಬರೋಹಂಗಿಲ್ವಂತೆ). ಮೀಟರ್ ಕುದಿಯೋ ನೀರಲ್ಲಿ 84 ತೋರಿಸ್ತು, ಅಂದ್ರೆ 13 ಡಿಗ್ರಿ ಕಮ್ಮಿ, 97ಕ್ಕೆ ತಿರುಗಿಸಿಟ್ಟೆ.

ಬಾಬಾಬುಡನ್ ಅಕ್ಕ ಹೇಳ್ದಂಗೆ ನಿನ್ನೆ ಎರಡು ಗಂಟೆ ಒಣಗಿಸ್ದೆ, ತಟ್ಟೆ ಮೇಲೆ ಹನಿ ತೊಟ್ಟಿಕ್ತಾ ಇತ್ತು ನಿಜವಾಗ್ಲೂ. ಇವತ್ತು ಅದೇ ಹಳೇ ಇದ್ದಲನ್ನ ಜರಡಿ ಹಿಡ್ದು ಪುಡಿ ತೆಗ್ದು ಬಿಸಿಲಿಗೆ ಹಾಕಿ ತುಂಬಿದ್ರೆ 40 ನಿಮಿಷಕ್ಕೆ 240. ಇನ್ನೂ 300 ಆಗಿಲ್ಲ. ಸಂಜೆ ಮತ್ತೆ ಮಳೆ ಬರೋಹಂಗಿದೆ, ಜೀಪ್ ನಿಲ್ಸೋ ಶೆಡ್ಡಿಗೆ ತಳ್ಳಿ ಶಟರ್ ಅರ್ಧ ಎಳ್ಕೊಂಡು ಟ್ರೈ ಮಾಡ್ಲಾ?

ಬಾಬಾಬುಡನ್_ತಪ್ಪಲು

ಬೇಡ ಬೇಡ ಬೇಡ. ಇದ್ದಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ವಾಸನೆ ಇಲ್ಲ, ಕಣ್ಣುರಿ ಇಲ್ಲ, ತಲೆನೋವು, ತಲೆಸುತ್ತು, ನಿದ್ದೆ ಬಂದಂಗಾಗುತ್ತೆ. ರೂಮೊಳಗೆ ಚಳಿಗೆ ಅಗ್ಗಿಷ್ಟಿಕೆ ಇಟ್ಕೊಂಡು ಮಲಗಿ ಜನ ಸತ್ತಿರೋ ಸುದ್ದಿ ಪೇಪರಲ್ಲಿ ಓದಿಲ್ವಾ. ಅರ್ಧ ಶಟರ್ ಸಾಲಲ್ಲ. ಮಳೆ ಬಂದ್ರೆ ಇವತ್ತಿಗೆ ಕೋಳಿ ಸಾರು ಕಡುಬು ಕೊಡಿ, ಗೆಸ್ಟ್ ಬೇಡ ಅನ್ನಲ್ಲ.

ಹೇಮಾವತಿ_ದಡ

240 ಬಂತಲ್ಲ, ಇನ್ನುಳಿದಿದ್ದು ಇದ್ದಲಿಂದು. ಹೊಸ ಚೀಲ ತಂದು ಅಟ್ಟದ ಮೇಲೆ, ಹೊಗೆ ತಾಗೋ ಕಡೆ ಇಡಿ. ಒಂದು ಹುಷಾರು, ಈಗ ನಿಜವಾಗ್ಲೂ ಕಾವು ಏರುತ್ತೆ, ಮುಚ್ಚಳ ಒಂದೇ ಸಲ ಎತ್ತಬೇಡಿ. ಎರಡು ಬೆರಳು ಅಗಲ ಎತ್ತಿ, ಗಾಳಿ ಒಳಗೆ ಹೋಗೋವರೆಗೂ ನಿಲ್ಲಿ, ಆಮೇಲೆ ಪೂರ್ತಿ ತೆಗೀರಿ. ಹಸಿದ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ರೆ ಭಗ್ಗಂತ ಮುಖಕ್ಕೇ ಬರುತ್ತೆ, ನನ್ನ ಎಡಗಡೆ ಹುಬ್ಬು ಒಂದು ತಿಂಗಳು ಇರ್ಲಿಲ್ಲ, ಮದುವೆಮನೇಲೆಲ್ಲ ಅದನ್ನೇ ಕೇಳೋರು.

ಅಂದಹಾಗೆ ಕಮಾಡೊ ಅಂದ್ರೆ ಜಪಾನಿ ಭಾಷೇಲಿ ಒಲೆ ಅಂತಾನೇ ಅರ್ಥ. ನಿಮ್ಮನೆಯವ್ರು ಬಚ್ಚಲೊಲೆಗೆ ಹೋಲಿಸಿದ್ದು ತಪ್ಪೇನಲ್ಲ, ಅದಕ್ಕೂ ಬೂದಿ ಎಳೀದಿದ್ರೆ ನೀರು ಕಾಯಲ್ಲ.

ತೋಟದ್ಮನೆ_ಮೂಡ್ಗೆರೆ

ಅಂತೂ ಮಳೆ ಬಂತು, ಕಡುಬೇ ಆಯ್ತು. ಅರಸೀಕೆರೆ ಅಣ್ಣ, ಆ ಕರಟದ ಇದ್ದಲು ಎರಡು ಚೀಲ ಬೇಕಿತ್ತು, ಭಾನುವಾರ ಹಾಸನಕ್ಕೆ ಬರ್ತಿದೀನಿ, ಅಲ್ಲಿವರೆಗೂ ಕಳಿಸೋಕಾಗುತ್ತಾ?