ಮುಗ್ಗು, ಬೂಸ್ಟು, ಕಮಟು, ನುಸಿ: ಎಲ್ಲಕ್ಕೂ ಒಂದೇ ‘ಹಾಳಾಗು’ ಸಾಕೇ?

ಕಾಳುಕಡ್ಡಿ, ಹಿಟ್ಟು, ಬೇಳೆಗಳನ್ನು ಒಟ್ಟಿಗೆ ತಂದು ಮನೆಯಲ್ಲಿ ಕಾಪಿಡುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಹಾಳಾಗತೊಡಗಿದ ಕಾಳನ್ನು ಬಿಸಿಲಿಗೆ ಹರಡಿ’ ಎಂದು ಬರೆದಿದ್ದೆ. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಹುಳು. ಕರಡನ್ನು ಓದಿದ ಗೆಳತಿಯೊಬ್ಬರು ಹಸಿರು ಬೂಸ್ಟು ಹಿಡಿದ ಕಡಲೆಬೀಜವನ್ನು ಬಿಸಿಲಿಗೆ ಹಾಕಿ, ಬಟ್ಟೆಯಿಂದ ಉಜ್ಜಿ, ಮತ್ತೆ ಡಬ್ಬಿಗೆ ತುಂಬಿಟ್ಟರು. ನಾನು ಬರೆದದ್ದನ್ನೇ ಅವರು ಮಾಡಿದ್ದರು. ಬಳಸುವ ಮೊದಲು ಮಾತಿಗೆ ಮಾತು ಬಂದು ವಿಷಯ ತಿಳಿಯಿತು, ಬೀಜವನ್ನು ಎಸೆದೆವು. ಅಂದಿನಿಂದ ಈ ಪದಗಳು ನನ್ನನ್ನು ಬಿಟ್ಟಿಲ್ಲ.

ಹಾಳಾಗು, ಕೆಡು ಎಂಬ ಎರಡು ಕ್ರಿಯಾಪದಗಳಲ್ಲೇ ಎಲ್ಲವನ್ನೂ ಮುಗಿಸುವುದು ಈಗ ರೂಢಿಯಾಗಿದೆ. ಆದರೆ ಕನ್ನಡ ಕೆಡುವ ಬಗೆಗಳಿಗೆ ಬೇರೆ ಬೇರೆ ಹೆಸರಿಟ್ಟಿದೆ. ಬಗೆ ಬೇರೆಯಾದರೆ ಮಾಡಬೇಕಾದದ್ದೂ ಬೇರೆ. ನಾನು ಹೀಗೆ ವಿಂಗಡಿಸಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ.

ಬೂಸ್ಟು ಕಣ್ಣಿಗೆ ಕಾಣುವಂಥದ್ದು: ಬಿಳಿ, ಹಸಿರು, ಕಪ್ಪು ನವಿರು. ಬೂಷ್ಟು, ಬೂಸರು ಎಂದು ಬರೆಯುವವರೂ ಇದ್ದಾರೆ. ಮುಗ್ಗು ಅಥವಾ ಮುಗ್ಗಲು ಮೂಗಿಗೆ ಸಿಗುವಂಥದ್ದು: ಮುಚ್ಚಳ ತೆರೆದೊಡನೆ ಬರುವ, ಬಹುಕಾಲ ಮುಚ್ಚಿಟ್ಟ ಕೋಣೆಯ ವಾಸನೆ. ಎರಡರ ಮೂಲವೂ ಶಿಲೀಂಧ್ರವೇ. ಮುಗ್ಗಲು ವಾಸನೆ ಬಂದಿದೆ ಎಂದರೆ ನವಿರು ಕಾಣದಿದ್ದರೂ ಶಿಲೀಂಧ್ರ ತನ್ನ ಕೆಲಸ ಶುರುಮಾಡಿದೆ ಎಂದೇ ತಿಳಿಯಬೇಕು. ಕಡಲೆಬೀಜ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಯಕೃತ್ತಿಗೆ ಕೇಡು ಮಾಡುವ ಈ ವಿಷ ಒರೆಸಿದರೆ ಹೋಗುವುದಿಲ್ಲ, ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಇಲ್ಲಿ ಬಿಸಿಲಿನಿಂದ ಪ್ರಯೋಜನವಿಲ್ಲ, ಎಸೆಯುವುದೊಂದೇ ದಾರಿ.

ಕಮಟು ಇವೆರಡಕ್ಕೂ ಸಂಬಂಧಿಸಿದ್ದಲ್ಲ. ಅದು ಜಿಡ್ಡಿನ ಕಾಯಿಲೆ. ತೌಡು ಉಳಿದಿರುವ ಕಂದು ಅಕ್ಕಿ, ಇಡೀ ಗೋಧಿಯ ಹಿಟ್ಟು, ಎಣ್ಣೆಬೀಜಗಳು ಕಮಟಾಗುವುದು ಅವುಗಳಲ್ಲಿರುವ ಎಣ್ಣೆ ಆಮ್ಲಜನಕದೊಡನೆ ಬೆರೆತಾಗ. ಬೆಳಕು ಮತ್ತು ಶಾಖ ಅದನ್ನು ಇನ್ನಷ್ಟು ಬೇಗ ಮಾಡುತ್ತವೆ. ಪಾಲಿಷ್ ಮಾಡಿದ ಬಿಳಿ ಅಕ್ಕಿ ವರ್ಷಗಟ್ಟಲೆ ಉಳಿಯುವಾಗ ಕಂದು ಅಕ್ಕಿ ಸಾಮಾನ್ಯ ಕೋಣೆಯಲ್ಲಿ ಸುಮಾರು ಆರು ತಿಂಗಳಿಗೇ ವಾಸನೆ ಬದಲಿಸುವುದು ಇದರಿಂದಲೇ. ಇಂಥ ಹಿಟ್ಟನ್ನು ನನ್ನ ವಾಕ್ಯ ನಂಬಿ ಬಿಸಿಲಿಗೆ ಹಾಕಿದರೆ ಕೆಡುಕನ್ನು ನಾವೇ ಹೆಚ್ಚಿಸಿದಂತೆ. ಎಣ್ಣೆಗೆ ‘ಕಮಟು’ ಎಲ್ಲರಿಗೂ ಒಪ್ಪಿಗೆ. ಹಿಟ್ಟಿಗೆ ಹೇಳುವಾಗ ಕೆಲವರು ‘ಕಹಿಯಾಗಿದೆ’ ಎಂದಷ್ಟೇ ಹೇಳುವುದನ್ನು ಕೇಳಿದ್ದೇನೆ. ಹಿಟ್ಟಿಗೂ ಕಮಟು ಎಂದೇ ಬರೆಯುವುದು ಸರಿಯೆಂದು ನನ್ನ ಅನಿಸಿಕೆ.

ನುಸಿ ಎಂಬ ಪದವೇ ನನಗೆ ಹೆಚ್ಚು ತೊಡಕಿನದು. ಮನೆಮಾತಿನಲ್ಲಿ ಅಕ್ಕಿಯ ಕಂದು ಹುಳುವೂ ನುಸಿ, ಹಿಟ್ಟಿನಲ್ಲಿ ಓಡಾಡುವ ಪುಡಿಯಂಥ ಜೀವವೂ ನುಸಿ. ಕೃಷಿ ಬರಹಗಳಲ್ಲಿ ನುಸಿ ಎಂದರೆ ಎಂಟು ಕಾಲಿನ, ಕಣ್ಣಿಗೆ ಕಾಣುವುದೇ ಕಷ್ಟವಾದ ಜೀವಿ; ಅಕ್ಕಿಯ ಹುಳುವಿಗೆ ಅಲ್ಲಿ ಸೊಂಡಿಲು ಕೀಟ ಎಂಬ ಹೆಸರಿದೆ. ಈ ಹೆಸರು ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಆ ಸೊಂಡಿಲಿನಲ್ಲೇ ಅದರ ಕಥೆಯಿದೆ. ಹೆಣ್ಣು ಹುಳು ಸೊಂಡಿಲಿನ ತುದಿಯಿಂದ ಕಾಳಿನಲ್ಲಿ ಕುಳಿ ಕೊರೆದು, ಮೊಟ್ಟೆಯಿಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಹುಳುವಾಗಿ ಹೊರಬರುತ್ತದೆ. ಜರಡಿ ಹಿಡಿದು ‘ಹುಳು ಹೋಯಿತು’ ಎಂದುಕೊಂಡ ಅಕ್ಕಿಯಲ್ಲಿ ಮತ್ತೆ ಹುಳು ಕಾಣುವುದು ಹೀಗೆ. ಬೇಳೆಕಾಳಿನ ಹುಳುವಿನ ರೀತಿಯೇ ಬೇರೆ. ಒಂದು ಅಲಸಂದೆ ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಸಿಪ್ಪೆಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಮೊಟ್ಟೆ, ಗುಂಡಗಿನ ತೂತು ಬಿದ್ದಿದ್ದರೆ ಹುಳು ಹೊರಬಿದ್ದಾಗಿದೆ. ಬಿಸಿಲಿಗೆ ಹರಡಿದರೆ ದೊಡ್ಡ ಹುಳುಗಳು ಓಡಿಹೋಗುತ್ತವೆ, ಕಾಳಿನೊಳಗಿನವು ಉಳಿಯಬಹುದು. ಬಿಗಿಯಾಗಿ ಮುಚ್ಚಿದ ಚೀಲದಲ್ಲಿ −18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ, ಮರಿ ಎಲ್ಲವೂ ಸಾಯುತ್ತವೆ. ಹಾಗಾದರೆ ಕೈಪಿಡಿಯಲ್ಲಿ ಯಾವ ಪದ ಬಳಸಲಿ? ಕುಟ್ಟೆ ಎಂಬ ಹಳೆಯ ಪದ ಕೊರೆಯುವ ಹುಳುವಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಹಲವರ ಕಿವಿಗೆ ಅದು ಮರವನ್ನು ಕೊರೆಯುವ ಹುಳು ಮಾತ್ರ.

ಇನ್ನು ‘ಆರಿಸು’. ‘ತುಂಬುವ ಮೊದಲು ಕಾಳನ್ನು ಆರಿಸಿ’ ಎಂದರೆ ಏನು? ಕಲ್ಲುಕಸ ಹೆಕ್ಕಬೇಕೋ, ಒಣಗಿಸಬೇಕೋ, ತಣಿಸಬೇಕೋ? ಮೂರೂ ಸರಿ, ಮೂರನ್ನೂ ಮಾಡಲೇಬೇಕು, ಅದಕ್ಕೇ ವಾಕ್ಯ ಅಪಾಯಕಾರಿ. ಬಿಸಿಲಿನಲ್ಲಿ ಒಣಗಿದ ಕಾಳನ್ನು ಬಿಸಿಯಿರುವಾಗಲೇ ತುಂಬಿ ಮುಚ್ಚಿದರೆ ಮುಚ್ಚಳದ ಒಳಗೆ ಹನಿಗಟ್ಟುತ್ತದೆ, ಬೂಸ್ಟಿಗೆ ಅಷ್ಟು ನೀರು ಸಾಕು. ಈಗ ‘ಹಸನು ಮಾಡಿ, ಒಣಗಿಸಿ, ಪೂರ್ತಿ ತಣಿದ ಮೇಲೆ ತುಂಬಿ’ ಎಂದು ತಿದ್ದಿದ್ದೇನೆ.

‘ಗಾಳಿಯಾಡದ ಡಬ್ಬಿ’ಯ ಬಗ್ಗೆಯೂ ಒಂದು ಮಾತು. ಗಾಳಿಯಾಡುವುದು ನಮ್ಮ ಮಾತಿನಲ್ಲಿ ಒಳ್ಳೆಯ ಗುಣ, ಗಾಳಿಯಾಡದ ಕೋಣೆ ಎಂದರೆ ಉಸಿರು ಕಟ್ಟುವ ಕೋಣೆ. ‘ಗಾಳಿಯಾಡುವ ಜಾಗದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ’ ಎಂಬ ಸಾಲನ್ನು ಓದಿ ಮೂವರು ಮೂರು ರೀತಿ ಅರ್ಥ ಮಾಡಿಕೊಂಡರು. ‘ಬಿಗಿಮುಚ್ಚಳದ ಡಬ್ಬಿ’ ಎಂದರೆ ಗೊಂದಲವಿಲ್ಲ. ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಮುಚ್ಚುವ ಕ್ರಮಕ್ಕೆ ಬೇರೆಯೇ ಹೆಸರು ಬೇಕು. ಅದು ತೇವಾಂಶ ಶೇಕಡಾ 10 ಅಥವಾ ಅದಕ್ಕಿಂತ ಕಡಿಮೆ ಇರುವ ಪದಾರ್ಥಕ್ಕೆ ಮಾತ್ರ ಸಲ್ಲುತ್ತದೆ. ತೇವ ಉಳಿದಿದ್ದರೆ ಆಮ್ಲಜನಕವಿಲ್ಲದ ಜಾಗದಲ್ಲಿ ಬೆಳೆದು ಮಾರಕ ವಿಷ ಉಂಟುಮಾಡುವ ಬಾಟುಲಿನಮ್ ಬ್ಯಾಕ್ಟೀರಿಯಾಕ್ಕೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ. ಇದಕ್ಕೆ ‘ಉಸಿರು ತೆಗೆದ ಡಬ್ಬಿ’ ಎಂದು ಬರೆದುಕೊಂಡಿದ್ದೇನೆ, ಪೂರ್ತಿ ಸಮಾಧಾನವಿಲ್ಲ.

ನನಗೆ ಸಿಗದೇ ಇರುವ ಪದ ಇನ್ನೊಂದಿದೆ. ಒಣ ಗಾಜಿನ ಜಾಡಿಗೆ ಒಂದು ಹಿಡಿ ಧಾನ್ಯ, ಒಂದೆರಡು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಜಾಡಿಯ ಗೋಡೆಗೆ ಅಂಟಿದರೆ ತೇವಾಂಶ ಸುಮಾರು ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದು ಅರ್ಥ. ಆ ಧಾನ್ಯ ಕೈಗೆ ಒಣಗಿದಂತೆಯೇ ಇರುತ್ತದೆ, ಮುಗ್ಗಿಲ್ಲ, ಬೂಸ್ಟಿಲ್ಲ, ಆದರೂ ಕಾಪಿಡಲು ತಕ್ಕದ್ದಲ್ಲ. ಬಿಸಿಲಿಗೆ ಹರಡಿ ಎಂಬ ಮಾತು ನಿಜವಾಗಿ ಸಲ್ಲುವುದು ಈ ಒಂದು ಸ್ಥಿತಿಗೆ. ‘ಅರೆಒಣ’ ಎಂದರೆ ಇನ್ನೂ ಒಣಗುತ್ತಿರುವ ಕಾಳು ಎನ್ನಿಸುತ್ತದೆ. ಇದು ಒಮ್ಮೆ ಒಣಗಿ ಮತ್ತೆ ಗಾಳಿಯ ತೇವ ಕುಡಿದದ್ದೂ ಇರಬಹುದು. ‘ಹಸಿ’ ಎಂದರೆ ಅತಿಯಾಯಿತು. ಇಂಥ ಕಾಳಿಗೆ ನಿಮ್ಮ ಮನೆಯ ಹಿರಿಯರು ಒಂದೇ ಪದದಲ್ಲಿ ಏನು ಹೇಳುತ್ತಾರೆ?