ಎರಡನೆಯ ಬ್ಯಾಟರಿಯ ಅರ್ತ್ ಎಲ್ಲಿಗೆ ಕೊಡಬೇಕು: ಬಾಡಿಗೋ, ಚಾಸಿಗೋ, ಮುಂದಿನ ಬ್ಯಾಟರಿಗೋ?

ಪ್ರಶ್ನೆ:

ನಮಸ್ಕಾರ ಸರ್. ನನ್ನದು ಏಣಿಯಾಕಾರದ ಚಾಸಿಯ ಮೇಲೆ ಬಾಡಿ ಕೂತಿರುವ ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ. ದೂರದ ಪ್ರಯಾಣದಲ್ಲಿ ಫ್ರಿಜ್ ಮತ್ತು ದೀಪಗಳಿಗೆ ಬೇಕೆಂದು, ಹಿಂಭಾಗದ ಸಾಮಾನಿನ ಜಾಗದಲ್ಲಿ 100 ಆಂಪಿಯರ್-ಅವರ್‌ನ ಎರಡನೆಯ ಲೆಡ್-ಆ್ಯಸಿಡ್ ಬ್ಯಾಟರಿಯನ್ನು ನಾನೇ ಕೂರಿಸಿದ್ದೇನೆ. ಪಾಸಿಟಿವ್ ಕೇಬಲ್ 16 ಚದರ ಮಿಲಿಮೀಟರ್‌ನದು. ಅದರ ಎರಡೂ ತುದಿಗಳಲ್ಲಿ ಫ್ಯೂಸ್ ಇದೆ, ನಡುವೆ ಎಂಜಿನ್ ಓಡುವಾಗ ಮಾತ್ರ ಎರಡು ಬ್ಯಾಟರಿಗಳನ್ನು ಕೂಡಿಸುವ ರಿಲೇ ಇದೆ. ನೆಗೆಟಿವ್ ಕೇಬಲನ್ನು ಪಕ್ಕದಲ್ಲೇ ಇದ್ದ, ಸಾಮಾನು ಕಟ್ಟುವ ಕೊಂಡಿಯ ಬೋಲ್ಟಿಗೆ ಬಿಗಿದಿದ್ದೇನೆ. ಫ್ರಿಜ್ಜಿನ ನೆಗೆಟಿವ್ ಬಾಡಿಯ ಇನ್ನೊಂದು ಬೋಲ್ಟಿಗೆ ಹೋಗಿದೆ.

ತೊಂದರೆ ಎರಡು. ಬ್ಯಾಟರಿಯಲ್ಲಿ 12.4 ವೋಲ್ಟ್ ತೋರಿಸುತ್ತಿರುವಾಗಲೇ ಫ್ರಿಜ್ ‘ವೋಲ್ಟೇಜ್ ಕಡಿಮೆ’ ಎಂದು ನಿಂತುಬಿಡುತ್ತದೆ. ಜೊತೆಗೆ, ಐದಾರು ಗಂಟೆ ಗಾಡಿ ಓಡಿಸಿದರೂ ಹಿಂದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಒಬ್ಬ ಸ್ನೇಹಿತರು ನೆಗೆಟಿವ್ ಕೇಬಲನ್ನೂ ಮುಂದಿನ ಬ್ಯಾಟರಿಯವರೆಗೆ ಎಳೆಯಲೇಬೇಕು ಎನ್ನುತ್ತಾರೆ, ಮತ್ತೊಬ್ಬರು ಇಡೀ ಗಾಡಿಯೇ ಕಬ್ಬಿಣವಾಗಿರುವಾಗ ಅದೆಲ್ಲ ದಂಡ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ (ವಾಹನ ಎಲೆಕ್ಟ್ರಿಷಿಯನ್):

ನಿಮ್ಮ ಎರಡೂ ದೂರುಗಳ ಬೇರು ಒಂದೇ ಇರಬೇಕೆಂದು ನನ್ನ ಅನುಮಾನ, ಮತ್ತು ಅದು ಆ ಕೊಂಡಿಯ ಬೋಲ್ಟಿನಲ್ಲಿದೆ. ಫ್ರಿಜ್ಜಿಗೆ ಹೋದ ಕರೆಂಟ್ ಬ್ಯಾಟರಿಗೆ ಮರಳುವುದೂ ಅದರ ಮೂಲಕವೇ, ಚಾರ್ಜಿಂಗ್ ಕರೆಂಟ್ ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಯಂತ್ರಕ್ಕೆ) ಮರಳುವುದೂ ಅದರ ಮೂಲಕವೇ.

ಅರ್ತ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮನೆಯ ಅರ್ತಿಂಗ್‌ನಂತೆ ಇದು ಅವಘಡದ ಹೊತ್ತಿಗೆ ಮಾತ್ರ ಕೆಲಸಕ್ಕೆ ಬರುವ ತಂತಿಯಲ್ಲ. ಪಾಸಿಟಿವ್ ಕೇಬಲಿನಲ್ಲಿ 30 ಆಂಪಿಯರ್ ಹೋದರೆ ಅದೇ 30 ಆಂಪಿಯರ್ ಈ ದಾರಿಯಲ್ಲಿ ಮರಳಬೇಕು. ಪಾಸಿಟಿವ್‌ಗೆ ದಪ್ಪ ಕೇಬಲ್, ಒಳ್ಳೆಯ ಲಗ್ (ಕೇಬಲಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ), ಎರಡೆರಡು ಫ್ಯೂಸ್ ಹಾಕಿ, ನೆಗೆಟಿವ್ ಅನ್ನು ಕೈಗೆ ಸಿಕ್ಕ ಬೋಲ್ಟಿಗೆ ಬಿಗಿಯುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಈಗ ನಿಮ್ಮ ಸ್ನೇಹಿತರ ವಾದಕ್ಕೆ ಬರೋಣ. ಉಕ್ಕಿನ ವಿದ್ಯುತ್ ನಿರೋಧ ತಾಮ್ರದ ಸುಮಾರು ಎಂಟು ಪಟ್ಟು ಎಂಬುದು ನಿಜ, ಆದರೆ ಚಾಸಿಯಲ್ಲಿ ಉಕ್ಕು ಎಷ್ಟಿದೆ ನೋಡಿ. ಸುತ್ತಳತೆ 360 ಮಿಲಿಮೀಟರ್, ದಪ್ಪ 3 ಮಿಲಿಮೀಟರ್ ಇರುವ ಪೆಟ್ಟಿಗೆಯಾಕಾರದ ಒಂದು ತೊಲೆಯನ್ನು ಲೆಕ್ಕಕ್ಕೆ ಹಿಡಿದರೆ ಅದರ ಅಡ್ಡಕೊಯ್ತ 1,000 ಚದರ ಮಿಲಿಮೀಟರ್‌ಗಿಂತ ಹೆಚ್ಚು. ಎಂಟರಿಂದ ಭಾಗಿಸಿದರೂ ಅದು 130 ಚದರ ಮಿಲಿಮೀಟರ್‌ನಷ್ಟು ತಾಮ್ರದ ಕೇಬಲಿಗೆ ಸಮ, ಅಂಥ ತೊಲೆಗಳು ಎರಡಿವೆ. ಆದರೆ ನೀವು ಎಳೆಯಬಹುದಾದ 16 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ 5 ಮೀಟರ್ ಉದ್ದಕ್ಕೆ, 40 ಆಂಪಿಯರ್ ಹರಿಯುವಾಗ, ಸುಮಾರು 0.2 ವೋಲ್ಟನ್ನು ತಾನೇ ನುಂಗುತ್ತದೆ. ಹೀಗಾಗಿ ದಾರಿಯಾಗಿ ಚಾಸಿಯೇ ಮೇಲು. ಕೆಡುವುದು ಲೋಹವಲ್ಲ, ಅದಕ್ಕೆ ಹತ್ತುವ ಮತ್ತು ಅದರಿಂದ ಇಳಿಯುವ ಜಾಗ.

ಇಲ್ಲಿ ‘ಇಡೀ ಗಾಡಿಯೇ ಕಬ್ಬಿಣ’ ಎನ್ನುವವರು ಮರೆಯುವ ಸಂಗತಿಯೊಂದಿದೆ. ನಿಮ್ಮ ಗಾಡಿಯ ಬಾಡಿ ಚಾಸಿಯ ಮೇಲೆ ರಬ್ಬರ್ ಬುಷ್‌ಗಳಲ್ಲಿ ಕೂತಿದೆ, ಎಂಜಿನ್ ಕೂಡ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿದೆ. ಈ ಮೂರನ್ನೂ ವಿದ್ಯುತ್ತಿನ ಮಟ್ಟಿಗೆ ಒಂದಾಗಿಸುವುದು ಅಲ್ಲಲ್ಲಿ ಕಟ್ಟಿರುವ ಅರ್ತ್ ಪಟ್ಟಿಗಳು ಮಾತ್ರ. ಬಾಡಿಗೆ ಬರುವ ಪಟ್ಟಿ ದೀಪ, ವೈಪರ್, ಫ್ಯಾನುಗಳಂಥ ಮೂಲ ಉಪಕರಣಗಳ ಲೆಕ್ಕಕ್ಕೆ ಕೊಟ್ಟದ್ದು, ನಿಮ್ಮ ಹೆಚ್ಚುವರಿ ಬ್ಯಾಟರಿಯ ಲೆಕ್ಕಕ್ಕಲ್ಲ. ಕೆಸರು ನೀರಿನಲ್ಲಿ ಓಡಿದ ಗಾಡಿಗಳಲ್ಲಿ ಆ ಪಟ್ಟಿಯ ಹೆಣಿಗೆ ಹಸಿರುಗಟ್ಟಿ, ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಹಿಂದಿನ ಬ್ಯಾಟರಿಯ ಅರ್ತನ್ನು ಬಾಡಿಯ ತಗಡಿಗಲ್ಲ, ನೆಲದ ತಗಡಿನ ತೂತಿಗೆ ಗ್ರೋಮೆಟ್ (ಕೇಬಲ್ ಉಜ್ಜದಂತೆ ಕಾಯುವ ರಬ್ಬರ್ ಬಳೆ) ಹಾಕಿ ಕೆಳಗಿಳಿಸಿ, ಚಾಸಿಯ ತೊಲೆಗೆ ಕೊಡಿ. ಪಾಸಿಟಿವ್‌ನಷ್ಟೇ ದಪ್ಪದ, ಆದಷ್ಟು ಗಿಡ್ಡ ಕೇಬಲ್ ಇರಲಿ. ಮುಂದೆ, ಎಂಜಿನ್ ಬ್ಲಾಕಿನಿಂದ ಚಾಸಿಗೂ ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೂ ಇರುವ ಪಟ್ಟಿಗಳನ್ನು ನೋಡಿ, ಅನುಮಾನ ಬಂದರೆ ಹೊಸದೊಂದನ್ನು ಸೇರಿಸಿ. ಆಲ್ಟರ್ನೇಟರ್ ಕೂತಿರುವುದು ಎಂಜಿನ್ ಮೇಲೆ, ಚಾರ್ಜಿಂಗ್ ಕರೆಂಟ್ ಕೊನೆಗೆ ತಲುಪಬೇಕಾದದ್ದೂ ಅಲ್ಲಿಗೇ.

ಏನನ್ನೂ ಬಿಚ್ಚುವ ಮೊದಲು ಒಮ್ಮೆ ಅಳೆಯಿರಿ. ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ನೋಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ನಾವು ಹುಡುಕುತ್ತಿರುವ ನಿರೋಧಕ್ಕಿಂತ ಮೀಟರಿನ ತಂತಿಗಳ ನಿರೋಧವೇ ಹೆಚ್ಚಿರುತ್ತದೆ. ಡಿಸಿ ವೋಲ್ಟ್‌ನಲ್ಲಿಟ್ಟು, ಫ್ರಿಜ್ ಓಡುತ್ತಿರುವಾಗ, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸಕ್ಕೇ ಒತ್ತಿ ಹಿಡಿದು (ಕ್ಲ್ಯಾಂಪಿಗಲ್ಲ), ಇನ್ನೊಂದನ್ನು ಮೊದಲು ಕ್ಲ್ಯಾಂಪಿಗೆ, ಆಮೇಲೆ ಲಗ್‌ಗೆ, ಕೊನೆಗೆ ಬಣ್ಣ ಕೆರೆದ ಬರಿ ತಗಡಿಗೆ ಮುಟ್ಟಿಸುತ್ತ ಹೋಗಿ. ಅಂಕಿ ಎಲ್ಲಿ ಜಿಗಿಯುತ್ತದೆಯೋ ಅಲ್ಲಿ ರೋಗ.

ಪ್ರಶ್ನಿಸಿದವರು:

ಅಳೆದೆ ಸರ್. ಫ್ರಿಜ್ ಸುಮಾರು 5 ಆಂಪಿಯರ್ ಎಳೆಯುತ್ತಿತ್ತು. ಕಂಬದಿಂದ ಕ್ಲ್ಯಾಂಪಿಗೆ ಸೊನ್ನೆ, ಲಗ್‌ಗೆ 0.01. ಪಕ್ಕದ ತಗಡಿನಲ್ಲಿ ಬಣ್ಣ ಕೆರೆದು ಮುಟ್ಟಿಸಿದಾಗ ಒಮ್ಮೆಲೇ 0.6 ವೋಲ್ಟ್. ಬೋಲ್ಟ್ ಬಿಚ್ಚಿದರೆ ಕೊಂಡಿಯ ತಗಡಿನ ಮೇಲೆ ದಪ್ಪ ಕಪ್ಪು ಬಣ್ಣ ಹಾಗೇ ಇತ್ತು. ಲಗ್‌ನ ಅಂಚಿನ ಸುತ್ತ ಆ ಬಣ್ಣ ಉಬ್ಬಿ, ಕಂದಾಗಿ, ಉಗುರಿನಿಂದ ಕೆರೆದರೆ ಹೆಕ್ಕಳಿಕೆಯಂತೆ ಏಳುತ್ತಿತ್ತು.

ಉತ್ತರ:

ನಿಮ್ಮ ಅಂಕಿಗಳೇ ಕಥೆ ಹೇಳುತ್ತಿವೆ. 5 ಆಂಪಿಯರ್‌ಗೆ 0.6 ವೋಲ್ಟ್ ಎಂದರೆ ಆ ಕೂಡಿಕೆಯ ನಿರೋಧ 0.12 ಓಮ್. ಕರೆಂಟ್ ಬಣ್ಣವನ್ನು ದಾಟಲಾಗದೆ, ಬೋಲ್ಟಿನ ಥ್ರೆಡ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ತಗುಲಿದ ಜಾಗದಲ್ಲಿ ನುಸುಳಿಕೊಂಡು ಹೋಗುತ್ತಿತ್ತು. ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟು, ಬ್ಯಾಟರಿ 12.6ರಲ್ಲಿದ್ದರೆ, ಉಳಿದೆಲ್ಲ ದಾರಿ ನಿರೋಧವೇ ಇಲ್ಲದಷ್ಟು ಚೆನ್ನಾಗಿದ್ದರೂ 13 ಆಂಪಿಯರ್‌ಗಿಂತ ಹೆಚ್ಚು ಹರಿಯಲು ಸಾಧ್ಯವಿಲ್ಲ, ಬ್ಯಾಟರಿಯ ವೋಲ್ಟೇಜ್ ಏರಿದಂತೆ ಅದೂ ಇಳಿಯುತ್ತದೆ. ಆ 13 ಆಂಪಿಯರ್ ಹರಿಯುವ ಹೊತ್ತಿನಲ್ಲಿ ಒಂದು ಬೋಲ್ಟಿನ ಸುತ್ತ 20 ವ್ಯಾಟ್ ಶಾಖ, ಅಂದರೆ ಸಣ್ಣದೊಂದು ಸಾಲ್ಡರಿಂಗ್ ಐರನ್ ಅಲ್ಲಿ ಹೊತ್ತಿಕೊಂಡಿದ್ದಂತೆ. ಬಣ್ಣ ಉಬ್ಬಿದ್ದು ಅದಕ್ಕೇ.

ಚಾಸಿಯಲ್ಲಿ ಹೊಸ ಜಾಗ ಮಾಡುವಾಗ ಲಗ್‌ನ ಅಗಲಕ್ಕಿಂತ ತುಸು ಹೆಚ್ಚೇ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ. ತವರ ಲೇಪಿಸಿದ ತಾಮ್ರದ ಲಗ್ ಆ ಹೊಳೆಯುವ ಲೋಹಕ್ಕೆ ನೇರವಾಗಿ ಕೂರಬೇಕು. ಲಗ್‌ಗೂ ಚಾಸಿಗೂ ನಡುವೆ ಸ್ಟೇನ್‌ಲೆಸ್ ವಾಷರ್ ತೂರಿಸಬೇಡಿ, ಸ್ಟೇನ್‌ಲೆಸ್ ಉಕ್ಕಿನ ನಿರೋಧ ತಾಮ್ರದ ನಲವತ್ತು ಪಟ್ಟಿನಷ್ಟಿದೆ. ಬೋಲ್ಟಿನ ಕೆಲಸ ಒತ್ತಿ ಹಿಡಿಯುವುದು, ಕರೆಂಟ್ ಸಾಗಿಸುವುದಲ್ಲ. ಬಿಗಿದಾದ ಮೇಲೆ ಹೊರಗಿನಿಂದ ಪೂರ್ತಿ ಬಣ್ಣವನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಬಳಿಯಿರಿ, ಲಗ್‌ನ ಕತ್ತಿಗೆ ಒಳಮೈಯಲ್ಲಿ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಇಲ್ಲದಿದ್ದರೆ ತೊರೆ ದಾಟಿದಾಗ ನೀರು ತಂತಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಹೊರಗೆ ಕಾಣದ ಹಾಗೆ ಒಳಗೇ ಕೊಳೆಸುತ್ತದೆ. ಸೀಟ್ ಬೆಲ್ಟಿನ ಬೋಲ್ಟನ್ನು ಅರ್ತ್‌ಗೆ ಬಳಸಲೇಬೇಡಿ. ಅದು ಜೀವ ಹಿಡಿಯುವ ಬೋಲ್ಟ್, ಅದರಡಿ ಲಗ್ ತೂರಿಸುವುದು ಸಲ್ಲದು.

ಫ್ರಿಜ್ಜಿನ ವಿಷಯದಲ್ಲಿ ಬಾಡಿಯನ್ನೇ ಬಿಟ್ಟುಬಿಡಿ. ಎರಡೂ ತಂತಿಗಳನ್ನು ನೇರವಾಗಿ ಹಿಂದಿನ ಬ್ಯಾಟರಿಗೇ ತನ್ನಿ, ಪಾಸಿಟಿವ್‌ಗೆ ಅದರದೇ ಫ್ಯೂಸ್ ಇರಲಿ.

ಇನ್ನೊಬ್ಬ ಸದಸ್ಯರು:

ಚಾಸಿಗೆ ಕೊಟ್ಟ ಮೇಲೂ, ಹೆಚ್ಚಿನ ಭದ್ರತೆಗೆಂದು ಮುಂದಿನ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒಂದು ಕೇಬಲ್ ಎಳೆದರೆ ನಷ್ಟವೇನು? ನನ್ನ ಗಾಡಿಯಲ್ಲಿ ಆ ಕಂಬದ ಮೇಲೆ ಸಣ್ಣ ಪೆಟ್ಟಿಗೆಯಂಥದ್ದೊಂದು ಕೂತಿದೆ.

ಉತ್ತರ:

ನಷ್ಟ ಎರಡು ರೀತಿಯದು. ಆ ಪೆಟ್ಟಿಗೆ ಬ್ಯಾಟರಿಯ ಒಳಗೆ ಹೊರಗೆ ಹೋಗುವ ಕರೆಂಟನ್ನು ಅಳೆದು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್. ನೀವು ನೇರವಾಗಿ ಕಂಬಕ್ಕೆ ಕಟ್ಟಿದರೆ ಆ ಕೇಬಲಿನ ಕರೆಂಟ್ ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಆಲ್ಟರ್ನೇಟರ್ ಎಷ್ಟು ಚಾರ್ಜ್ ಕೊಡಬೇಕೆಂಬ ತೀರ್ಮಾನ ತಪ್ಪು ಲೆಕ್ಕದ ಮೇಲೆ ನಡೆಯುತ್ತದೆ. ಅಂಥ ಗಾಡಿಯಲ್ಲಿ ಏನೇ ಸೇರಿಸುವುದಿದ್ದರೂ ಸೆನ್ಸರಿನಿಂದ ಆಚೆ, ಚಾಸಿಯ ಕಡೆಯಲ್ಲಿ ಸೇರಿಸಬೇಕು.

ಎರಡನೆಯದು ನನಗೆ ಹೆಚ್ಚು ಭಯದ್ದು. ಮುಂದಿನ ಬ್ಯಾಟರಿಯಿಂದ ಚಾಸಿಗೆ ಮತ್ತು ಎಂಜಿನ್‌ಗೆ ಬಂದ ಮೂಲ ಅರ್ತ್ ಸಡಿಲವಾಗಿದೆ ಎಂದುಕೊಳ್ಳಿ. ನೀವು ಸೆಲ್ಫ್ ಹೊಡೆಯುತ್ತೀರಿ. ಸ್ಟಾರ್ಟರ್‌ನ ನೂರಾರು ಆಂಪಿಯರ್ ಚಾಸಿಯ ಗುಂಟ ಹಿಂದಕ್ಕೆ ಓಡಿ, ನಿಮ್ಮ ಹಿಂದಿನ ಅರ್ತ್ ಬೋಲ್ಟನ್ನು ಹತ್ತಿ, ಆ ‘ಭದ್ರತೆ’ಯ ಕೇಬಲಿನಲ್ಲಿ ಮುಂದಕ್ಕೆ ಬರುತ್ತದೆ, ಅದೂ ಸೀಟಿನಡಿ, ಕಾರ್ಪೆಟಿನ ಕೆಳಗೆ ಮಲಗಿರುವ ಕೇಬಲಿನಲ್ಲಿ. ಹಾಗೆಂದು ನೆಗೆಟಿವ್‌ಗೂ ಫ್ಯೂಸ್ ಹಾಕಿದರೆ, ಅದು ಸುಟ್ಟಾಗ ಉಪಕರಣಗಳು ಆಂಟೆನಾದ ಕವಚವನ್ನೋ ತೆಳು ಸಿಗ್ನಲ್ ತಂತಿಯನ್ನೋ ಮರಳುವ ದಾರಿ ಮಾಡಿಕೊಳ್ಳಬಹುದು. ಫ್ಯೂಸಿನ ಜಾಗ ಪಾಸಿಟಿವ್, ಬ್ಯಾಟರಿಗೆ ಆದಷ್ಟು ಹತ್ತಿರ.

ನೆಗೆಟಿವ್‌ಗೆ ಬೇರೆಯದೇ ಕೇಬಲ್ ಎಳೆಯಲೇಬೇಕಾದ ಸಂದರ್ಭಗಳೂ ಇವೆ. ಹಿಂದೆ ಕಟ್ಟಿದ ಟ್ರೈಲರ್ ಅಂಥದ್ದು. ಕೊಕ್ಕೆಯ ಗುಂಡು ಗ್ರೀಸಿನಲ್ಲಿ ತಿರುಗುತ್ತಿರುತ್ತದೆ, ಅದನ್ನು ಅರ್ತ್ ಎಂದು ನಂಬಲಾಗದು, ಪಾಸಿಟಿವ್‌ನಷ್ಟೇ ದಪ್ಪದ ನೆಗೆಟಿವ್ ತಂತಿ ಪ್ಲಗ್ಗಿನ ಮೂಲಕ ಹೋಗಲೇಬೇಕು. ಫೈಬರ್ ಅಥವಾ ಅಲ್ಯೂಮಿನಿಯಂ ಮೇಲುಗೂಡಿನೊಳಗೆ ಬ್ಯಾಟರಿ ಇದ್ದರೂ ಗೂಡನ್ನು ನಂಬದೆ ಚಾಸಿಯವರೆಗೆ ಕೇಬಲ್ ಇಳಿಸಿ. ವಿಂಚ್‌ನ (ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟರಿನ) ಎರಡೂ ಕೇಬಲ್‌ಗಳು ತಯಾರಕರು ಹೇಳಿದಂತೆ ಬ್ಯಾಟರಿಗೇ ಹೋಗಲಿ.

ಮತ್ತೊಬ್ಬ ಸದಸ್ಯರು:

ಲಿಥಿಯಂ ಬ್ಯಾಟರಿಯಾದರೆ ಇದರಲ್ಲೇನಾದರೂ ಬದಲಾಗುತ್ತದೆಯೇ? ನನ್ನದಕ್ಕೆ ಶಂಟ್ (ತನ್ನ ಮೂಲಕ ಹರಿಯುವ ಕರೆಂಟನ್ನು ಅಳೆಯಲು ನೆರವಾಗುವ ತುಣುಕು) ಇರುವ ಬ್ಯಾಟರಿ ಮಾನಿಟರ್ ಕೂಡ ಇದೆ, ಆದರೆ ಅದು ತೋರಿಸುವ ಚಾರ್ಜಿನ ಶೇಕಡಾವಾರು ನಂಬುವಂತಿಲ್ಲ.

ಉತ್ತರ:

ಅರ್ತ್‌ನ ನಿಯಮ ಬದಲಾಗುವುದಿಲ್ಲ. ಡಿಸಿ-ಡಿಸಿ ಚಾರ್ಜರ್ (ಆಲ್ಟರ್ನೇಟರ್‌ನ ವೋಲ್ಟೇಜನ್ನು ಎರಡನೆಯ ಬ್ಯಾಟರಿಗೆ ತಕ್ಕಂತೆ ಬದಲಿಸಿ ಕೊಡುವ ಸಾಧನ) ಇದ್ದರೆ ಅದರ ನೆಗೆಟಿವ್ ಕೂಡ ಅದೇ ಚಾಸಿ ಬಿಂದುವಿಗೆ ಬರಲಿ. ಶಂಟ್ ಇದ್ದಾಗ ಮಾತ್ರ ಒಂದು ಕಟ್ಟುನಿಟ್ಟು: ಬ್ಯಾಟರಿಯ ನೆಗೆಟಿವ್ ಕಂಬದಲ್ಲಿ ಶಂಟ್‌ಗೆ ಹೋಗುವ ಕೇಬಲ್ ಬಿಟ್ಟು ಇನ್ನೊಂದು ತಂತಿಯೂ ಇರಕೂಡದು. ಫ್ರಿಜ್, ಚಾರ್ಜರ್, ಚಾಸಿಯ ಅರ್ತ್ ಎಲ್ಲವೂ ಶಂಟ್‌ನ ಆಚೆ ಬದಿಗೆ. ನಿಮ್ಮ ಮಾನಿಟರ್ ಸುಳ್ಳು ಹೇಳುತ್ತಿದ್ದರೆ ಮೊದಲು ಕಂಬದ ಮೇಲೆ ಎಷ್ಟು ಲಗ್‌ಗಳಿವೆ ಎಣಿಸಿ ನೋಡಿ.

ಪ್ರಶ್ನಿಸಿದವರು:

ಕೆಲಸ ಮುಗಿಯಿತು ಸರ್. ಚಾಸಿಯ ತೊಲೆಗೆ 25 ಚದರ ಮಿಲಿಮೀಟರ್‌ನ ಗಿಡ್ಡ ಕೇಬಲ್ ಕೊಟ್ಟೆ. ಎಂಜಿನ್‌ನಿಂದ ಚಾಸಿಗಿದ್ದ ಪಟ್ಟಿ ಅರ್ಧ ಹರಿದಿತ್ತು, ಅದನ್ನೂ ಬದಲಿಸಿದೆ. ಈಗ 30 ಆಂಪಿಯರ್ ಚಾರ್ಜ್ ಆಗುತ್ತಿರುವಾಗ ಹಿಂದಿನ ನೆಗೆಟಿವ್ ಕಂಬದಿಂದ ಆಲ್ಟರ್ನೇಟರ್‌ನ ಮೈಗೆ ಉದ್ದ ತಂತಿ ಹಿಡಿದು ಅಳೆದರೆ 0.07 ವೋಲ್ಟ್. ಕೊನೆಯ ಪ್ರಶ್ನೆ: ಮುಂದೆ ಬಿಚ್ಚುವಾಗ ಮುಂದಿನ ಬ್ಯಾಟರಿಯ ನೆಗೆಟಿವ್ ತೆಗೆದರೆ ಸಾಕೇ?

ಉತ್ತರ:

0.07 ಬಹಳ ಚೆನ್ನಾಗಿದೆ. 0.2 ದಾಟಿದರೆ ಮಾತ್ರ ನಾನು ಮತ್ತೆ ಹುಡುಕಲು ಶುರುಮಾಡುತ್ತೇನೆ.

ಒಂದನ್ನು ತೆಗೆದರೆ ಸಾಲದು. ರಿಲೇ ಕೂಡಿಕೊಂಡಿದ್ದರೆ ಹಿಂದಿನ ಬ್ಯಾಟರಿ ಮುಂದಿನ ಪಾಸಿಟಿವ್ ಕೇಬಲನ್ನು ಜೀವಂತ ಇಟ್ಟಿರುತ್ತದೆ, ನಿಮ್ಮ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಎರಡೂ ಬ್ಯಾಟರಿಗಳ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್ ಮುಟ್ಟಿ. ಜೋಡಿಸುವಾಗ ಎರಡೂ ನೆಗೆಟಿವ್ ಕೊನೆಗೆ. ಚಾಸಿಗೆ ವೆಲ್ಡಿಂಗ್ ಮಾಡಿಸುವ ದಿನವೂ ಇದೇ ಕ್ರಮ. ಎರಡನೆಯ ಬ್ಯಾಟರಿ ಇದೆಯೆಂದು ವೆಲ್ಡರ್‌ಗೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.