ವಿಂಡೋಸ್ 11 ಹಾಕಿದ ಮೇಲೆ ತೋಟದ ಆಫೀಸಿನ ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಶನಿವಾರ ಬಟವಾಡೆ ಇದೆ

ತೋಟದ ರೈಟರ್, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಆಫೀಸಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇತ್ತು. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಬ್ಯಾಂಕಿನ ಕೆಲಸ ಎಲ್ಲ ಇದರಲ್ಲೇ ನಡೆಯುತ್ತದೆ, ಹಾಗಾಗಿ ಸಾಹುಕಾರರು ವಿಂಡೋಸ್ 11 ಹಾಕಿಸಿ ಅಂದರು. ಅಪ್‌ಡೇಟ್ ಮೂಲಕವೇ ಹಾಕಿದೆ. ಫೈಲ್ ಎಲ್ಲ ಹಾಗೇ ಇವೆ, ಟ್ಯಾಲಿ ತೆರೆಯುತ್ತದೆ, ಪ್ರಿಂಟರ್ ಮಾತ್ರ ನಿಂತಿದೆ.

ಹಳೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್, ಯುಎಸ್‌ಬಿ ಕೇಬಲ್‌ನದ್ದು, ವೈಫೈ ಇಲ್ಲ. ಪ್ರಿಂಟ್ ಕೊಟ್ಟರೆ ಕ್ಯೂನಲ್ಲಿ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಎರರ್ ಅಂತ ಬರುತ್ತದೆ. ಕ್ಯಾನ್ಸಲ್ ಮಾಡಿದರೆ ಡಿಲೀಟಿಂಗ್ ಅಂತ ತೋರಿಸಿಕೊಂಡು ಹಾಗೇ ಇರುತ್ತದೆ. ಇನ್ನೊಂದು ವಿಷಯ, ಈಗ ಅದೇ ಪ್ರಿಂಟರ್ ಲಿಸ್ಟ್‌ನಲ್ಲಿ ಎರಡು ಸಲ ಕಾಣುತ್ತಿದೆ. ಒಂದು ಮಂಕಾಗಿದೆ, ಇನ್ನೊಂದರ ಮುಂದೆ ಕಾಪಿ 1 ಅಂತ ಇದೆ.

ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ಇಷ್ಟು ಹಳೇ ಪ್ರಿಂಟರ್ 11ಕ್ಕೆ ಆಗಲ್ಲ, ಹೊಸದು ತಗೊಳ್ಳಿ ಅಂದುಬಿಟ್ಟರು. ಅಪ್‌ಗ್ರೇಡ್‌ಗೆ ಮೊದಲು ಚೆನ್ನಾಗಿಯೇ ಓಡುತ್ತಿತ್ತು. ರೊಬಸ್ಟಾ ಕೊಯ್ಲು ಜೋರಾಗಿದೆ, ಹೊರಗಿನ ಆಳುಗಳೂ ಜಾಸ್ತಿ ಇದ್ದಾರೆ. ಶನಿವಾರದೊಳಗೆ ಚೆಕ್ ರೋಲ್, ಅಂದರೆ ಆಳುಗಳ ಕೂಲಿ ಪಟ್ಟಿ, ಪ್ರಿಂಟ್ ಆಗಬೇಕು, ಅದರ ಮೇಲೆ ಸಹಿ, ಹೆಬ್ಬೆಟ್ಟು ಬೀಳಬೇಕು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋಗಬಹುದು, ಆದರೆ ಎಲ್ಲರ ಕೂಲಿ ಲೆಕ್ಕ, ಬ್ಯಾಂಕ್ ನಂಬರ್ ಇರುವ ಫೈಲನ್ನು ಬೇರೆಯವರ ಕಂಪ್ಯೂಟರ್‌ಗೆ ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕಂಪ್ಯೂಟರ್ ರಿಪೇರಿ, ಕುಶಾಲನಗರ:

ರೈಟರ್ರೇ, ಹೊಸದು ತಗೊಳ್ಳುವ ಮಾತು ಈಗಲೇ ಬೇಡ. ಮೊದಲು ಪ್ರಿಂಟರ್ ಸರಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಯುಎಸ್‌ಬಿ ಕೇಬಲ್ ಬಿಚ್ಚಿಡಿ, ಪ್ರಿಂಟರ್ ಆನ್ ಇರಲಿ, ಅದರ ಮೇಲಿನ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಎಷ್ಟೋ ಲೇಸರ್ ಪ್ರಿಂಟರ್‌ಗಳು ಕಂಪ್ಯೂಟರ್ ಇಲ್ಲದೆ ಹೀಗೆ ಒಂದು ಟೆಸ್ಟ್ ಪೇಜ್ ಕೊಡುತ್ತವೆ. ಅದು ಬಂದರೆ ಯಂತ್ರದಲ್ಲಿ ದೋಷ ಇಲ್ಲ.

ಆಮೇಲೆ ಕ್ಯೂ ಖಾಲಿ ಮಾಡಿ. ಸ್ಟಾರ್ಟ್‌ನಲ್ಲಿ ಸರ್ವೀಸಸ್ ಅಂತ ಹುಡುಕಿ ತೆರೆಯಿರಿ, ಪ್ರಿಂಟ್ ಸ್ಪೂಲರ್ (ಕ್ಯೂ ನೋಡಿಕೊಳ್ಳುವುದು ಇದೇ) ಅನ್ನುವುದನ್ನು ಸ್ಟಾಪ್ ಮಾಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್. ಆ ಕೊನೇ ಫೋಲ್ಡರ್‌ನ ಒಳಗಿರುವ ಫೈಲ್‌ಗಳನ್ನು ಅಳಿಸಿ, ಫೋಲ್ಡರನ್ನೇ ಅಳಿಸಬೇಡಿ. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ. ಡಿಲೀಟಿಂಗ್ ಅಂತ ಕೂತಿದ್ದೆಲ್ಲ ಹೋಗುತ್ತದೆ. ನಮ್ಮ ಕಡೆ ಪ್ರಿಂಟ್ ಆಗುತ್ತಿರುವಾಗಲೇ ಕರೆಂಟ್ ಹೋದರೂ ಒಮ್ಮೊಮ್ಮೆ ಹೀಗೇ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೂ ಇದೇ ಮದ್ದು.

ಎರಡು ಐಕಾನ್ ಬಂದಿರುವುದಕ್ಕೆ ಕಾರಣ ಹೆಚ್ಚಾಗಿ ಪೋರ್ಟ್. ವಿಂಡೋಸ್ ಪ್ರತಿ ಯುಎಸ್‌ಬಿ ಪ್ರಿಂಟರ್‌ಗೂ ಯುಎಸ್‌ಬಿ001, ಯುಎಸ್‌ಬಿ002 ಅಂತ ಒಂದು ಹೆಸರು ಕೊಡುತ್ತದೆ. ಅಪ್‌ಗ್ರೇಡ್ ಆದಾಗಲೋ ಕೇಬಲ್ಲನ್ನು ಬೇರೆ ಕಿಂಡಿಗೆ ಚುಚ್ಚಿದಾಗಲೋ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ಕಾಪಿ 1 ಮಾಡಿಬಿಡುತ್ತದೆ. ನೀವು ಪ್ರಿಂಟ್ ಕೊಡುತ್ತಿರುವುದು ಹಳೇ ಐಕಾನ್‌ಗೆ, ಆ ಪೋರ್ಟ್‌ನಲ್ಲಿ ಈಗ ಏನೂ ಇಲ್ಲ. ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ಪೋರ್ಟ್ಸ್ ಅಂತ ಒತ್ತಿ, ಯಾವ ಐಕಾನ್ ಯಾವ ಪೋರ್ಟ್‌ನಲ್ಲಿದೆ ನೋಡಿ, ಹಳೇದನ್ನು ಹೊಸ ಪೋರ್ಟ್‌ಗೆ ಬದಲಾಯಿಸಿ. ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ಆರಿಸುವ ಒಂದು ಸೆಟ್ಟಿಂಗ್ ಇದೆ, ಅದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಕೊನೆಗೆ ಬಳಸಿದ್ದೇ ಡಿಫಾಲ್ಟ್ ಆಗುತ್ತದೆ, ಪಿಡಿಎಫ್ ಮಾಡಿದ ಮೇಲೆ ಪ್ರಿಂಟ್ ಕೊಟ್ಟರೆ ಮತ್ತೆ ಪಿಡಿಎಫ್‌ಗೇ ಹೋಗುತ್ತದೆ.

ಹೋಮ್‌ಸ್ಟೇ, ನಾಪೋಕ್ಲು:

ಇಷ್ಟೆಲ್ಲ ಯಾಕೆ, ವಾಪಸ್ 10ಕ್ಕೆ ಹೋಗಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ರಿಕವರಿ, ಅಲ್ಲಿ ಗೋ ಬ್ಯಾಕ್ ಅಂತ ಇರುತ್ತದೆ. ಅಪ್‌ಗ್ರೇಡ್ ಆಗಿ 10 ದಿನದ ಒಳಗೆ ಮಾಡಬೇಕು, ಆಮೇಲೆ ಆ ದಾರಿ ಇರುವುದಿಲ್ಲ.

ಕಂಪ್ಯೂಟರ್ ರಿಪೇರಿ, ಕುಶಾಲನಗರ:

ದಾರಿ ಇದೆ ನಿಜ. ಆದರೆ ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರನ್ನು ಸೆಕ್ಯುರಿಟಿ ಅಪ್‌ಡೇಟ್ ನಿಂತ ವಿಂಡೋಸ್‌ಗೆ ವಾಪಸ್ ಕಳಿಸಿ ಅಂತ ನಾನು ಹೇಳುವುದಿಲ್ಲ. ಪ್ರಿಂಟರ್ ಸರಿ ಮಾಡುವುದು ಅದಕ್ಕಿಂತ ಸಣ್ಣ ಕೆಲಸ.

ತೋಟದ ರೈಟರ್, ಸಿದ್ದಾಪುರ:

ತುಂಬಾ ಥ್ಯಾಂಕ್ಸ್ ಸರ್. ಟೆಸ್ಟ್ ಪೇಜ್ ಚೆನ್ನಾಗಿ ಬಂತು, ಅರ್ಧ ಜೀವ ಬಂದ ಹಾಗಾಯಿತು. ಕ್ಯೂ ಕೂಡ ಖಾಲಿ ಆಯಿತು. ನೀವು ಹೇಳಿದ ಹಾಗೇ ಹಳೇ ಐಕಾನ್ ಯುಎಸ್‌ಬಿ001ರಲ್ಲಿತ್ತು, ಕಾಪಿ 1 ಯುಎಸ್‌ಬಿ002ರಲ್ಲಿ. ಪೋರ್ಟ್ ಬದಲಾಯಿಸಿದೆ. ಈಗ ಹಳೇದರಲ್ಲಿ ಡ್ರೈವರ್ ಅನವೈಲಬಲ್ ಅಂತ ಬರುತ್ತಿದೆ. ಕಾಪಿ 1ಕ್ಕೆ ಕೊಟ್ಟರೆ ಪೇಪರ್ ಏನೋ ಹೊರಗೆ ಬರುತ್ತದೆ, ಆದರೆ ಒಂದೊಂದು ಹಾಳೆಗೆ ಒಂದೇ ಸಾಲು, ಅದೂ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಸ್ವಿಚ್ ಆಫ್ ಮಾಡುವವರೆಗೂ ನಿಲ್ಲಲಿಲ್ಲ.

ಡಿಟಿಪಿ ಸೆಂಟರ್, ಸೋಮವಾರಪೇಟೆ:

ಅದು ಡ್ರೈವರ್, ಅಂದರೆ ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್, ತಪ್ಪಿರುವುದರ ಸ್ಪಷ್ಟ ಗುರುತು. ಕೆಲವು ಪ್ರಿಂಟರ್‌ಗಳಿಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಭಾಷೆ ಅರ್ಥ ಆಗುತ್ತದೆ, ಅಂಥವಕ್ಕೆ ವಿಂಡೋಸ್‌ನಲ್ಲೇ ಇರುವ ಸಾಮಾನ್ಯ ಡ್ರೈವರ್ ಸಾಕಾಗಬಹುದು. ಕಡಿಮೆ ಬೆಲೆಯ ಹಳೇ ಲೇಸರ್‌ಗಳಲ್ಲಿ ತುಂಬಾ ಕಡೆ ಅದು ಇರುವುದಿಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ಪೂರ್ತಿ ತಯಾರು ಮಾಡಿ ಕಳಿಸಬೇಕು, ಆ ಕೆಲಸ ಕಂಪನಿಯ ಡ್ರೈವರ್‌ಗೆ ಮಾತ್ರ ಗೊತ್ತು. ವಿಂಡೋಸ್ ತನಗೆ ಸಿಕ್ಕಿದ ಯಾವುದೋ ಡ್ರೈವರ್ ಹಾಕಿದೆ, ಪ್ರಿಂಟರ್ ಬಂದ ಆದೇಶವನ್ನೇ ಅಕ್ಷರ ಅಂದುಕೊಂಡು ಅಚ್ಚು ಹಾಕಿದೆ, ಅಷ್ಟೇ.

ಎರಡೂ ಐಕಾನ್ ತೆಗೆಯಿರಿ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಪುಟದ ಕೆಳಗೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಇದೆ, ಅದರಲ್ಲಿ ಡ್ರೈವರ್ಸ್ ಟ್ಯಾಬ್. ಅಲ್ಲಿ ನಿಮ್ಮ ಪ್ರಿಂಟರ್ ಹೆಸರು ಇದ್ದರೆ ಡ್ರೈವರ್ ಮತ್ತು ಪ್ಯಾಕೇಜ್ ಎರಡನ್ನೂ ರಿಮೂವ್ ಮಾಡಿ. ಬರೀ ಐಕಾನ್ ತೆಗೆದರೆ ಹಳೇ ಡ್ರೈವರ್ ಒಳಗೇ ಉಳಿದು, ಕೇಬಲ್ ಚುಚ್ಚಿದ ತಕ್ಷಣ ಮತ್ತೆ ಅದೇ ಬಂದು ಕೂರುತ್ತದೆ. ಆಮೇಲೆ ಪ್ರಿಂಟರ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ 64 ಬಿಟ್ ಡ್ರೈವರ್ ಇಳಿಸಿ. ವಿಂಡೋಸ್ 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ. 11ಕ್ಕೆ ಅಂತ ಇರದಿದ್ದರೆ 10ರ 64 ಬಿಟ್ ಡ್ರೈವರ್ ಸಾಮಾನ್ಯವಾಗಿ ನಡೆಯುತ್ತದೆ. ಕೇಬಲ್ ಬಿಚ್ಚಿಟ್ಟು ಇನ್‌ಸ್ಟಾಲ್ ಶುರು ಮಾಡಿ, ಅದು ಕೇಳಿದಾಗ ಮಾತ್ರ ಚುಚ್ಚಿ. ಕಂಪನಿ ಸೈಟ್ ಬಿಟ್ಟು ಬೇರೆ ಡ್ರೈವರ್ ಸೈಟ್‌ಗಳ ಕಡೆ ಹೋಗಲೇಬೇಡಿ, ಬೇಡದ್ದೆಲ್ಲ ಜೊತೆಗೆ ಬರುತ್ತದೆ.

ಅಂದ ಹಾಗೆ, ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನದ್ದಾ? ಆ ಕನೆಕ್ಷನ್ ಮೀಟರ್ಡ್ (ಡೇಟಾ ಮಿತವಾಗಿ ಬಳಸಬೇಕಾದದ್ದು) ಅಂತ ಇದ್ದರೆ ವಿಂಡೋಸ್ ಡ್ರೈವರ್ ಇಳಿಸುವುದಿಲ್ಲ. ಪ್ರಿಂಟರ್ಸ್ ಪುಟದಲ್ಲೇ ಅದಕ್ಕೆ ಒಂದು ಸ್ವಿಚ್ ಇದೆ. ತೋಟದಲ್ಲಿ ಸಿಗ್ನಲ್ ಪರದಾಟ ಎಲ್ಲರಿಗೂ ಗೊತ್ತಿದ್ದದ್ದೇ, ನಿಮ್ಮ ಸರಿಯಾದ ಡ್ರೈವರ್ ಹೋಗಿದ್ದರ ಜೊತೆಗೆ ಇದೂ ಸೇರಿರಬಹುದು.

ಶಾಲೆ ಆಫೀಸ್, ಪೊನ್ನಂಪೇಟೆ:

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಮ್ಮಲ್ಲಿ ಅಪ್‌ಗ್ರೇಡ್ ಅಲ್ಲ, ಎಲ್ಲ ಅಳಿಸಿ ಹೊಸದಾಗಿಯೇ ವಿಂಡೋಸ್ 11 ಹಾಕಿದರು. ಹಳೇ ಸುತ್ತೋಲೆಗಳು, ಅಂಕಪಟ್ಟಿ ಎಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಿ ಪ್ರಿಂಟ್ ಆದವು. ಎಲ್ಲರೂ ಪ್ರಿಂಟರನ್ನೇ ಬೈದರು. ಅದು ಪ್ರಿಂಟರ್ ಅಲ್ಲ, ನುಡಿ ಫಾಂಟ್ ಹೋಗಿತ್ತು. ಯುನಿಕೋಡ್ ಅಲ್ಲದ ಹಳೇ ನುಡಿ ಫೈಲ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ನುಡಿ ಮತ್ತೆ ಹಾಕಿದೆವು, ಸರಿಯಾಯಿತು. ಗುರುತಿಸುವುದು ಸುಲಭ, ಇಂಥದ್ದು ಪರದೆ ಮೇಲೂ ಹಾಗೇ ಕಾಣುತ್ತದೆ. ರೈಟರ್ ಅವರದ್ದು ಪರದೆಯಲ್ಲಿ ಸರಿ ಇದೆ, ಹಾಳೆಯಲ್ಲಿ ಮಾತ್ರ ಹಾಳು, ಹಾಗಾಗಿ ಅವರದ್ದು ಡ್ರೈವರೇ.

ಯುನಿಕೋಡ್‌ನಲ್ಲಿ ತುಂಗಾ ಫಾಂಟ್ ಬಳಸುವವರು ಸಹ ನೋಡಿಕೊಳ್ಳಿ. ಅದು ಈಗ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಸಾಲು, ಪುಟ ಎಲ್ಲ ಆಚೀಚೆ ಆಗುತ್ತವೆ.

ತೋಟದ ರೈಟರ್, ಸಿದ್ದಾಪುರ:

ಆಯಿತು! ಡ್ರೈವರ್ಸ್ ಟ್ಯಾಬ್‌ನಲ್ಲಿ ಎರಡು ಇದ್ದವು, ಎರಡನ್ನೂ ತೆಗೆದೆ. ಹಾಟ್‌ಸ್ಪಾಟ್ ಮೀಟರ್ಡ್ ಅಂತಲೇ ಇತ್ತು ಅಕ್ಕ, ನೀವು ಕೇಳಿದ್ದು ಸರಿ. ಪೇಟೆಗೆ ಹೋಗಿ ಒಳ್ಳೆ ಸಿಗ್ನಲ್‌ನಲ್ಲಿ ಕಂಪನಿ ಸೈಟ್‌ನಿಂದ 10ರ 64 ಬಿಟ್ ಡ್ರೈವರ್ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಬಂದೆ. ಒಂದೇ ಐಕಾನ್, ಅಕ್ಷರ ಸ್ಪಷ್ಟ. ಆದರೆ ಚೆಕ್ ರೋಲ್ ಅಡ್ಡ ಹಾಳೆಯಲ್ಲಿ ಹಾಕಿದರೆ ಕೊನೇ ಕಾಲಂ, ಸಹಿ ಹಾಕುವುದು, ಬೇರೆ ಹಾಳೆಗೆ ಹೋಗುತ್ತಿದೆ. ಮೊದಲು ಒಂದೇ ಹಾಳೆಯಲ್ಲಿ ಕೂರುತ್ತಿತ್ತು.

ಡಿಟಿಪಿ ಸೆಂಟರ್, ಸೋಮವಾರಪೇಟೆ:

ಹೊಸ ಡ್ರೈವರ್ ಪೇಪರ್ ಸೈಜನ್ನು ಲೆಟರ್ ಅಂತ ಇಟ್ಟುಕೊಂಡಿರುತ್ತದೆ. ಎ4 ಹಾಳೆ 297 ಮಿಲಿಮೀಟರ್ ಉದ್ದ, ಲೆಟರ್ ಸುಮಾರು 279. ಅಡ್ಡ ಇಟ್ಟಾಗ ಅಷ್ಟು ಅಗಲ ಕಡಿಮೆ ಆಗಿ ಕೊನೇ ಕಾಲಂ ಆಚೆ ಬೀಳುತ್ತದೆ. ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಎ4 ಮಾಡಿ, ಎಕ್ಸೆಲ್‌ನ ಪೇಜ್ ಲೇಔಟ್‌ನಲ್ಲೂ ಎ4 ಇದೆಯಾ ನೋಡಿ.

ಕಂಪ್ಯೂಟರ್ ರಿಪೇರಿ, ಕುಶಾಲನಗರ:

ಆ ಡ್ರೈವರ್ ಫೈಲನ್ನು ಅಳಿಸಬೇಡಿ ರೈಟರ್ರೇ, ಒಂದು ಪೆನ್‌ಡ್ರೈವ್‌ಗೆ ಹಾಕಿ ಆಫೀಸಿನ ಬೀರುವಿನಲ್ಲಿಡಿ. ಪ್ರಿಂಟರ್ ಕಂಪನಿಗಳ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಈಗಾಗಲೇ ಹಾಕಿರುವುದು ಓಡುತ್ತದೆ, ಕಂಪನಿ ಸೈಟ್‌ನಿಂದ ತಂದು ಹಾಕುವುದಕ್ಕೂ ತಡೆ ಇಲ್ಲ. ಆದರೆ ಹಳೇ ಮಾಡೆಲ್‌ಗಳ ಪುಟವನ್ನು ಕಂಪನಿ ಎಷ್ಟು ವರ್ಷ ಇಟ್ಟಿರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಇನ್ನೊಂದು, ಪ್ರಿಂಟರ್ಸ್ ಪುಟದಲ್ಲಿ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಅಂತ ಕಂಡರೆ ಆನ್ ಮಾಡಬೇಡಿ. ಅದು ಕಂಪನಿ ಡ್ರೈವರ್‌ಗಳನ್ನು ಪೂರ್ತಿ ಬದಿಗೆ ಸರಿಸುತ್ತದೆ, ನಿಮ್ಮ ಪ್ರಿಂಟರ್ ಮತ್ತೆ ನಿಲ್ಲುತ್ತದೆ.

ತೋಟದ ರೈಟರ್, ಸಿದ್ದಾಪುರ:

ಎ4 ಮಾಡಿದೆ, ಸಹಿ ಕಾಲಂ ಅದೇ ಹಾಳೆಗೆ ಬಂತು. ಪೆನ್‌ಡ್ರೈವ್‌ಗೂ ಹಾಕಿಟ್ಟೆ. ಚೆಕ್ ರೋಲ್ ಪ್ರಿಂಟ್ ಆಗುತ್ತಿದೆ, ಎಲ್ಲರಿಗೂ ತುಂಬಾ ಉಪಕಾರ ಆಯಿತು.